ಮಾವನ ಫಾರಿನ್ ಚೌಕಾಸಿ

ನನ್ನ ಸೋದರಮಾವ ಮೂರು ದೇಶ ಸುತ್ತಿ ಬಂದಿದ್ದಾರೆ, ಒಂದನ್ನೂ ನೋಡಿಲ್ಲ! ಸುಳ್ಳಲ್ಲ. ದುಬೈಯಿಂದ ಬಂದವರನ್ನು ಆ ಮುಗಿಲು ಮುಟ್ಟುವ ಕಟ್ಟಡ ಹೇಗಿತ್ತು ಎಂದು ಕೇಳಿದರೆ, ಅದರ ಹಿಂದಿನ ಗಲ್ಲಿಯಲ್ಲಿ ಎರಡು ಇಸ್ತ್ರಿಪೆಟ್ಟಿಗೆಗೆ ಒಂದು ಟಾರ್ಚು ಫ್ರೀ ಇತ್ತು ಎಂದರು. ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರು ಕೆಲವರು ಮಳೆಗಾಲದಲ್ಲಿ, ತೋಟದ ಕೆಲಸ ಕಡಿಮೆಯಾದಾಗ, ಗುಂಪು ಕಟ್ಟಿಕೊಂಡು ವಿದೇಶಕ್ಕೆ ಹೋಗುವುದುಂಟು. ಉಳಿದವರ ಪೆಟ್ಟಿಗೆ ತುಂಬ ಬಟ್ಟೆ. ಮಾವನ ಪೆಟ್ಟಿಗೆಯಲ್ಲಿ ಒಂದು ಪಂಚೆ, ಒಂದು ಕಟ್ಟು ಅಕ್ಕಿರೊಟ್ಟಿ, ಮಿಕ್ಕಿದ್ದೆಲ್ಲ ಖಾಲಿ ಜಾಗ. ರೊಟ್ಟಿ ತಿಂದಷ್ಟೂ ಜಾಗ ಹೆಚ್ಚುತ್ತದೆ, ಲೆಕ್ಕಾಚಾರ ನೋಡಿ!

ಹಾಗೆ ಬ್ಯಾಂಕಾಕಿನಿಂದ ಬಂದದ್ದು ಮಾತಾಡುವ ಅನ್ನದ ಕುಕ್ಕರ್. ಅನ್ನ ಆದಕೂಡಲೇ ಅದು ಅಲ್ಲಿನ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳುತ್ತದೆ. ಬೈಯುತ್ತದೋ ಹರಸುತ್ತದೋ ಯಾರಿಗೆ ಗೊತ್ತು? ಮಾವ ಮಾತ್ರ ಜಗಲಿಯಿಂದಲೇ "ಆಯ್ತಮ್ಮ, ಬಂದೆ" ಎಂದು ಉತ್ತರ ಕೊಡುತ್ತಾರೆ.

ಅತ್ತೆಗೆ ಈ ಸಂಭಾಷಣೆಯ ಗೊಡವೆಯೇ ಇರಲಿಲ್ಲ. ಅವರಿಗೆ ಕಿವಿ ಮಂದವಾಗಿ ಕೆಲವು ವರ್ಷಗಳಾಗಿದ್ದವು. ಆದರೆ ಹಾಗೆನ್ನುವಂತಿಲ್ಲ! ತಮ್ಮ ಕಿವಿ ಸರಿಯಾಗಿಯೇ ಇದೆ, ಈಚೆಗೆ ಜನರೇ ಮೆಲ್ಲಗೆ ಮಾತಾಡುತ್ತಾರೆ ಎಂಬುದು ಅವರ ವಾದ. ಮೈಸೂರಿನ ಡಾಕ್ಟರ ಹತ್ತಿರ ಹೋಗೋಣ ಎಂದರೆ, ಮುದುಕಿಯ ಕಿವಿಗೆ ಸುರಿಯುವ ದುಡ್ಡನ್ನು ಗೊಬ್ಬರಕ್ಕೆ ಸುರಿಯಿರಿ, ನಾಲ್ಕು ಕಾಳು ಕಾಫಿಯಾದರೂ ಬರುತ್ತದೆ ಎನ್ನುತ್ತಿದ್ದರು. ಹೀಗೆ ಹೇಳುತ್ತಲೇ ಸಂತೆ ಬಿಟ್ಟರು, ನೆಂಟರ ಮದುವೆಗಳನ್ನೂ ಬಿಟ್ಟರು. ಮಾತು ಕೇಳಿಸದೆ ಎಲ್ಲದಕ್ಕೂ ನಗುತ್ತಾ ಕೂರುವುದು ಅವರಿಗೆ ಸಾಕಾಗಿತ್ತು. ಮಾವ ಅವರೊಡನೆ ಎಷ್ಟು ಜೋರಾಗಿ ಮಾತಾಡುತ್ತಿದ್ದರೆಂದರೆ, ಇವತ್ತು ಮನೆಯಲ್ಲಿ ಯಾವ ಸಾರು ಎಂಬುದು ಪಕ್ಕದ ಎಸ್ಟೇಟಿನ ಲೈನುಮನೆಗಳ ಕೂಲಿಯವರಿಗೂ ತಿಳಿಯುತ್ತಿತ್ತು.

ದುಬೈಯಿಂದ ಬಂದದ್ದು ನೆಲ ಗುಡಿಸುವ ರೋಬೋ. ಮನೆ ಗುಡಿಸಲಿಕ್ಕೆಂದುಕೊಂಡಿರಾ? ಕಣದಲ್ಲಿ ಹರಡಿದ ಕಾಫಿಯನ್ನು ಆಗಾಗ ಕೈಯಾಡಿಸುತ್ತಿರಬೇಕು, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ಅದಕ್ಕೆ ಆಳು ಸಿಗುವುದಿಲ್ಲವೆಂದು ಮಾವ ಅದನ್ನು ಕಣಕ್ಕೇ ಇಳಿಸಿದರು. ಅದು ಕಾಫಿಯನ್ನು ಮೂಸಿಯೂ ನೋಡದೆ, ಪಕ್ಕದಲ್ಲಿ ಒಣಗುತ್ತಿದ್ದ ಕಾಳುಮೆಣಸನ್ನು ಹೊಟ್ಟೆ ತುಂಬ ನುಂಗಿ, ಕಣದ ಅಂಚು ದಾಟಿ ತಿಪ್ಪೆಗುಂಡಿಗೆ ಬಿತ್ತು. ತೋಟದ ಹಾಜರಿ ಬರೆಯುವ ರೈಟರ್ ಬಂದು ಇಣುಕಿ ನೋಡಿದರು.

"ಇದಕ್ಕೆ ಹಾಜರಿ ಹಾಕದಾ, ಬೇಡ್ವಾ?"

"ಅರ್ಧ ದಿನ ಹಾಕು," ಎಂದರು ಮಾವ.

ಹೋದ ಮಳೆಗಾಲ ಸಿಂಗಾಪುರಕ್ಕೆ ಹೊರಟಾಗ, ಇಂಗ್ಲಿಷ್ ಮಾತಾಡಲು ಒಬ್ಬ ಬೇಕೆಂದು ನನ್ನನ್ನೂ ಎಳೆದುಕೊಂಡು ಹೋದರು. ನಮ್ಮ ಸಂತೆಯ ಕ್ರಮ ನಿಮಗೆ ಗೊತ್ತಲ್ಲ? ಬೆಲೆ ಕೇಳುವುದು, ಅರ್ಧಕ್ಕೆ ಇಳಿಸುವುದು, ಒಪ್ಪದಿದ್ದರೆ ಮುಖ ತಿರುಗಿಸಿ ನಾಲ್ಕು ಹೆಜ್ಜೆ ನಡೆಯುವುದು. ಹಿಂದಿನಿಂದ "ಬನ್ನಿ, ತಗೊಂಡು ಹೋಗಿ" ಎಂಬ ಕೂಗು ಬಂದೇ ಬರುತ್ತದೆ. ಮಾವ ಇದೇ ವಿದ್ಯೆಯನ್ನು ಗಾಜಿನ ಬಾಗಿಲಿನ, ಬೆಲೆಚೀಟಿ ಅಂಟಿಸಿದ ಅಂಗಡಿಯಲ್ಲೂ ಪ್ರಯೋಗಿಸಿದರು. ಹೊರಗೆ ಬಂದು, ಅಂಗಡಿಗೆ ಬೆನ್ನು ಹಾಕಿ, ಕಿವಿ ನಿಮಿರಿಸಿ ನಿಂತರು. ಒಳಗಿನ ಹುಡುಗಿ ಮುಂದಿನ ಗಿರಾಕಿಯತ್ತ ಹೋದಳು. ಯಾರು ಕರೆಯುತ್ತಾರೆ? ನಿಂತು ನಿಂತು ನಮ್ಮ ಪ್ರವಾಸದ ಬಸ್ಸೇ ಹೊರಟುಹೋಯಿತು! ಪಾಪ, ನಾಚಿಕೆ ಸ್ವಭಾವದ ಜನ, ಕೂಗಲಿಕ್ಕೆ ಸಂಕೋಚ ಎಂದು ಮಾವ ತೀರ್ಮಾನಿಸಿದರು.

ಕೊನೆಯ ದಿನ ಒಂದು ಅಂಗಡಿಯಲ್ಲಿ ಕಿವಿಗೆ ಹಾಕುವ ಯಂತ್ರ ಕಂಡಿತು. ಹುಣಸೆಬೀಜದಷ್ಟು ಗಾತ್ರ, ಬೆಲೆ ಕೇಳಿ ನನಗೇ ತಲೆ ತಿರುಗಿತು. ಮಾವ ಅರ್ಧಕ್ಕೆ ಕೇಳಿದರು. ಅಂಗಡಿಯವನು ಆಗುವುದಿಲ್ಲವೆಂದ. ಮಾವ ಹೊರಗೆ ಹೋಗಿ ಬೆನ್ನು ಹಾಕಿ ನಿಂತರು. ನಾನು ಬಸ್ಸಿನ ನೆನಪು ಮಾಡಿದೆ. ಆಗ, ಯಾರೂ ಕರೆಯದೆಯೇ, ಮಾವ ತಿರುಗಿ ಒಳಗೆ ಹೋದರು. ಕೇಳಿದಷ್ಟನ್ನೂ ಕೊಟ್ಟರು. ಅವರ ಜನ್ಮದಲ್ಲಿ ಅದೇ ಮೊದಲು.

"ನಿನ್ನತ್ತೆಗೆ ಬೆಲೆ ಹೇಳ್ಬೇಡ ಮಾರಾಯ," ಎಂದರು. "ಗೊತ್ತಾದ್ರೆ ಹಾಕ್ಕೊಳ್ಳಲ್ಲ ಅವಳು."

ಊರಿಗೆ ಬಂದು, ಟಾರ್ಚಿನ ಜೊತೆ ಫ್ರೀ ಬಂದದ್ದು ಎಂದು ಒಂದು ಸುಳ್ಳು ಬಿಟ್ಟರು. ಅತ್ತೆ ನಂಬಿದರು. ನಂಬದೆ ಏನು, ಮಾವನ ಚರಿತ್ರೆಯೇ ಅಂಥದ್ದು! ಬಿಟ್ಟಿ ಬಂದದ್ದನ್ನು ದಂಡ ಮಾಡುವುದೇಕೆಂದು ಗೊಣಗುತ್ತಲೇ ಕಿವಿಗೆ ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದರು. ಸರಿಯಾಗಿ ಆಗಲೇ ಅನ್ನ ಆಯಿತು. ಅತ್ತೆ ಬೆಚ್ಚಿಬಿದ್ದು ಹಿಂದಕ್ಕೆ ಸರಿದರು.

"ಇದು ಇಷ್ಟು ದಿನಾನೂ ಮಾತಾಡ್ತಿತ್ತಾ?"

ನಾನು ನಕ್ಕೆ. ಮಾವ ನಗಲಿಲ್ಲ. ಬಾಗಿಲಲ್ಲಿ ನಿಂತವರು, ಎಂದಿನ ಗಂಟಲು ಹರಿಯುವ ಕೂಗನ್ನು ಬಿಟ್ಟು, ನನಗೇ ಸರಿಯಾಗಿ ಕೇಳದಷ್ಟು ಮೆಲ್ಲಗೆ, "ಒಂದು ಲೋಟ ಕಾಫಿ ಸಿಗ್ತದಾ" ಎಂದರು. ಉತ್ತರ ಬರದಿದ್ದರೆ ಎಂಬ ಹೆದರಿಕೆಯೋ ಏನೋ, ಮುಖ ತಿರುಗಿಸಿ ಅಂಗಳದತ್ತ ನಡೆದುಬಿಟ್ಟರು. ನಾಲ್ಕು ಹೆಜ್ಜೆ ಹೋಗಿ ಬೆನ್ನು ಹಾಕಿ ನಿಂತರು.

ಒಳಗಿನಿಂದ ಅತ್ತೆಯ ದನಿ ಬಂತು: "ಬನ್ನಿ, ತಗೊಂಡು ಹೋಗಿ."

ಮಾವ ಕೂಡಲೇ ತಿರುಗಲಿಲ್ಲ. ಪಂಚೆಯ ತುದಿಯಿಂದ ಮೊದಲು ಕಣ್ಣು ಒರೆಸಿಕೊಂಡರು.