ಮದುವೆ ಡಿಸ್ಕಿಗೆ ದನಿ ಬರಿಸುವ ಬಗ್ಗೆ

ಇಂದ:
ಅಶ್ವತ್ಥಮ್ಮ ಕೋಂ ಸೊಣ್ಣಪ್ಪ,
ಕಸುಬು: ಎರಡು ಸೀಮೆ ಹಸು,
ಹಾಲಿನ ಡೈರಿ ಪಕ್ಕದ ಮನೆ,
ಬಂಗಾರಪೇಟೆ ತಾಲ್ಲೂಕು.

ಗೆ:
ಶ್ರೀಮಾನ್ ಡಿವಿಡಿ ಪ್ಲೇಯರ್ ಅವರು,
ಟಿವಿ ಸ್ಟ್ಯಾಂಡಿನ ಕೆಳ ಅಂತಸ್ತು, ಹೂವಿನ ಹೊದಿಕೆಯ ಅಡಿ,
ಸದರಿ ಅರ್ಜಿದಾರಳದೇ ಮನೆ.

ವಿಷಯ: ತಾವು ಚಿತ್ರ ತೋರಿಸಿ ದನಿ ನುಂಗಿದ್ದರಿಂದ ಅಕ್ಕ ತಮ್ಮಂದಿರ ನಡುವೆ ಆಗಿರುವ ಅನಾಹುತವನ್ನು ಸರಿಪಡಿಸಿಕೊಡುವ ಬಗ್ಗೆ.

ಉಲ್ಲೇಖ:
1. ತಮ್ಮ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವ "ಎಲ್ಲ ಫಾರ್ಮ್ಯಾಟೂ ಓಡುತ್ತದೆ" ಎಂಬ ಭರವಸೆ.
2. ತಾವು ಪರದೆಯ ಮೇಲೆ ಪದೇ ಪದೇ ಹೊರಡಿಸಿದ "ನೋ ಡಿಸ್ಕ್" ಆದೇಶ.
3. ಕಾಮಸಮುದ್ರದಿಂದ ಬಾಯಿಮಾತಿನಲ್ಲಿ ಬಂದ ಮುನಿಶಾಮಿಯ ನೋಟೀಸು.

ಮಾನ್ಯರೇ,

ಈ ಅರ್ಜಿಯನ್ನು ನೇರವಾಗಿ ತಮಗೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಅರ್ಜಿದಾರಳು ತಮ್ಮ ಕಂಪನಿಗೆ ಬರೆಸಬೇಕೆಂದೇ ರಾಬರ್ಟ್‌ಸನ್‌ಪೇಟೆಯಲ್ಲಿ ಅರ್ಜಿ ಬರೆದುಕೊಡುವ ಕುಪ್ಪುಸ್ವಾಮಿಯವರ ಮೇಜಿನ ಮುಂದೆ ಬಂದು ಕೂತಳು. ಡಬ್ಬದ ಮೇಲಿನ ಫೋನ್ ನಂಬರು ಚಾಲ್ತಿಯಲ್ಲಿಲ್ಲ. ತಮ್ಮನ್ನು ಟಿವಿ ಜೊತೆ ಪುಕ್ಕಟೆ ಕೊಟ್ಟ ಅಂಗಡಿ ಈಗ ಮೊಬೈಲ್ ಕವರ್ ಮಾರುತ್ತಿದೆ. "ಹಂಗಾದ್ರೆ ಯಾರ ಹೆಸರಿಗೆ ಬರೀಲಿ ಅಮ್ಮಾ?" ಎಂದು ಕುಪ್ಪುಸ್ವಾಮಿ ಕೇಳಿದರು. "ದಿನಾ ಇಲ್ಲ ಇಲ್ಲ ಅಂತ ಯಾರಂತಾವ್ರೋ ಅವ್ರಿಗೇ ಬರೀರಣ್ಣ" ಎಂದಳು ಅರ್ಜಿದಾರಳು. ಚಿನ್ನದ ಗಣಿ ಕಾಲೊನಿ ಕೋರಮಂಡಲ್‌ನ ಈ ಹಿರಿಯರು ಇಲ್ಲ ಅನ್ನುವವರಿಗೆ ಅರ್ಜಿ ಬರೆಯುತ್ತಲೇ ತಲೆ ನರೆಸಿಕೊಂಡವರಾದ್ದರಿಂದ ತಕರಾರು ತೆಗೆಯಲಿಲ್ಲ. ಆದ್ದರಿಂದ ತಮ್ಮ ಅವಗಾಹನೆಗೆ ತರುವುದೇನೆಂದರೆ:

1. ಅರ್ಜಿದಾರಳ ಮಗಳು ಅಂಬಿಕಳನ್ನು ಕೆಲವು ವರ್ಷಗಳ ಹಿಂದೆ ಬಂಗಾರಪೇಟೆಗೆ ಮದುವೆ ಮಾಡಿಕೊಡಲಾಯಿತು. ತಮಗೆ ಸೋದರಮಾವಂದಿರು ಇದ್ದಂತೆ ಕಾಣುವುದಿಲ್ಲ, ಹಾಗಾಗಿ ವಿವರಿಸುವುದು ಅಗತ್ಯ. ನಮ್ಮ ಕಡೆ ಹೆಣ್ಣನ್ನು ಮಂಟಪಕ್ಕೆ ಎತ್ತಿಕೊಂಡು ಬರುವ ಹಕ್ಕು ಸೋದರಮಾವನದು. ಅಂಬಿಕಳಿಗಿರುವ ಒಬ್ಬನೇ ಸೋದರಮಾವ ಅರ್ಜಿದಾರಳ ತಮ್ಮ ಮುನಿಶಾಮಿ. ಮುಹೂರ್ತದ ಹೊತ್ತಿಗೆ ಅವನು ಕಾಣಿಸಲಿಲ್ಲ. ಅರ್ಜಿದಾರಳ ಗಂಡ ಸೊಣ್ಣಪ್ಪನವರ ಕಡೆಯ ಮೀಸೆಯವರೊಬ್ಬರು ಹುಡುಗಿಯನ್ನು ಎತ್ತಿಕೊಂಡು ಬಂದರು. "ಮೂರು ಸಾರಿ ಕೂಗ್ದೆ, ಬರ್ಲಿಲ್ಲ" ಎಂದು ಅರ್ಜಿದಾರಳು. "ಒಂದ್ ಸಾರೀನೂ ಕೂಗ್ಲಿಲ್ಲ" ಎಂದು ಮುನಿಶಾಮಿ. ಅಂದಿನಿಂದ ಒಬ್ಬರ ಊರಿನ ಬಸ್ಸನ್ನು ಇನ್ನೊಬ್ಬರು ಹತ್ತಿಲ್ಲ.

2. ಈಗ ಮುನಿಶಾಮಿಯ ಮಗಳು ಕಲ್ಪನಳಿಗೆ ಮದುವೆ ಗೊತ್ತಾಗಿದೆ. ಹೆಣ್ಣಿಗೆ ಮೊದಲ ಅರಿಶಿನ ಹಚ್ಚಬೇಕಾದವಳು ಸೋದರತ್ತೆ, ಅಂದರೆ ಸದರಿ ಅರ್ಜಿದಾರಳು. ಕಲ್ಪನ ಅಂಬೆಗಾಲಿಡುತ್ತಿದ್ದಾಗ ಅವಳನ್ನು ತಿಂಗಳುಗಟ್ಟಲೆ ತನ್ನ ಮನೆಯಲ್ಲಿಟ್ಟುಕೊಂಡು ಸಾಕಿದವಳೂ ಇವಳೇ. ಹೀಗಿರುವಲ್ಲಿ ಮುನಿಶಾಮಿಯು ಹಾಲಿನ ಗಾಡಿ ಓಡಿಸುವ ನಾಗೇಶನ ಮೂಲಕ ಉಲ್ಲೇಖ 3ರ ನೋಟೀಸು ಕಳಿಸಿದನು. ಅದರ ಸಾರಾಂಶ: "ಮದ್ವೆ ಡಿಸ್ಕ್ ಐತಲ್ಲ, ಟಿವೀಗೆ ಆಕಿ ನೋಡ್ಲಿ. ನನ್ನ ಕೂಗಿರೋದು ಅದ್ರಾಗಿದ್ರೆ ನಾನೇ ಬಂದು ಎಲೆ ಅಡ್ಕೆ ಕೊಟ್ಟು ಕರೀತೀನಿ. ಇಲ್ದಿದ್ರೆ ಅವ್ಳ್ ದಾರಿ ಅವ್ಳ್ದು."

ಹೀಗಾಗಿ ಒಂದು ಹೆಣ್ಣಿನ ಕೆನ್ನೆಯ ಅರಿಶಿನ ತಮ್ಮ ತೀರ್ಮಾನಕ್ಕೆ ಬಂದು ನಿಂತಿತು. ಮಾನ್ಯರು ಅಲ್ಲಿಯವರೆಗೆ ಮೇಲೊಂದು ಹೂದಾನಿ ಹೊತ್ತುಕೊಂಡು ನೆಮ್ಮದಿಯಾಗಿದ್ದಿರಿ ಎಂಬುದನ್ನು ಅರ್ಜಿದಾರಳು ಬಲ್ಲಳು.

3. ಡಿಸ್ಕನ್ನು ಬೀರುವಿನ ಸೀರೆಗಳ ಅಡಿಯಿಂದ ತೆಗೆದು ತಮ್ಮ ಬಾಯಿಗೆ ಇಡಲಾಯಿತು. ತಾವು ಗರ್ ಗರ್ ಎಂದು ಅಗಿದು, "ನೋ ಡಿಸ್ಕ್" ಎಂದು ಷರಾ ಬರೆದು ಹೊರಗೆ ಉಗಿದಿರಿ. ಕೈಯಲ್ಲಿ ಹಿಡಿದ ಕಾಗದವನ್ನೇ ಬಂದಿಲ್ಲ ಅನ್ನುವ ಕಛೇರಿಗಳನ್ನು ಅರ್ಜಿದಾರಳು ಕಂಡಿದ್ದಾಳೆ. ನುಂಗಿದ ಮೇಲೂ ಬಂದಿಲ್ಲ ಅನ್ನುವವರು ತಾವೇ ಮೊದಲು. ಆದರೆ ನ್ಯಾಯ ನ್ಯಾಯವೇ. ಈ ಒಂದು ಬಾಬತ್ತಿನಲ್ಲಿ ತಪ್ಪು ತಮ್ಮದಲ್ಲ. ಆಯುಧ ಪೂಜೆಯ ದಿನ ಸೊಣ್ಣಪ್ಪನವರು ಕುಡುಗೋಲು, ಬೈಕು, ಹಾಲು ಕರೆಯುವ ಮಿಷಿನ್ನು ಎಲ್ಲಕ್ಕೂ ಕುಂಕುಮ ಇಡುತ್ತಾ ಬಂದು, ತಮಗೂ ಇಟ್ಟು, ಬೀರು ತೆಗೆದು ಡಿಸ್ಕಿಗೂ ಇಟ್ಟಿದ್ದರು. ಅದೂ ಹೊಳೆಯುವ ಕಡೆಗೆ. ಯಾಕೆಂದು ಕೇಳಿದರೆ, "ಒಳೆಯೋದೇ ಮುಂದ್ಗಡೆ ಅಲ್ವೇನೇ? ದೇವ್ರಿಗೆ ಬೆನ್ನಿಗೆ ಇಡ್ತಾರಾ?" ಎಂದರು. ವರ್ಷ ವರ್ಷವೂ ಇಟ್ಟಿದ್ದಾರೆ. ತಮಗೆ ಕುಂಕುಮ ಓದಲು ಬರುವುದಿಲ್ಲವೆಂದು ಅವರಿಗೆ ಗೊತ್ತಿರಲಿಲ್ಲ.

4. ಆ ಕುಂಕುಮವನ್ನು ರಾಬರ್ಟ್‌ಸನ್‌ಪೇಟೆಯ ರಿಪೇರಿ ಅಂಗಡಿಯ ಬಾಲಾಜಿ ಎಂಬಾತ ಮೆತ್ತನೆಯ ಬಟ್ಟೆಯಲ್ಲಿ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ ತೆಗೆದನು. ಅದಕ್ಕೂ ಮುಂಚೆ ಅರ್ಜಿದಾರಳು ಸೆರಗಿನಿಂದ ತಟ್ಟೆ ಉಜ್ಜುವ ಹಾಗೆ ಸುತ್ತ ಸುತ್ತ ಉಜ್ಜಿದ್ದಳು. ಅದನ್ನು ನೋಡಿ ಬಾಲಾಜಿ ಹಣೆ ಹಣೆ ಚಚ್ಚಿಕೊಂಡನು. ಈಗಲಾದರೂ ಓಡುತ್ತೀರಿ ಎಂದುಕೊಂಡರೆ ತಾವು "ನೋ ಡಿಸ್ಕ್" ಬಿಟ್ಟು "ಫಾರ್ಮ್ಯಾಟ್ ಸರಿಯಿಲ್ಲ" ಎಂಬ ಹೊಸ ಆಕ್ಷೇಪಣೆ ತೆಗೆದಿರಿ. ಅರ್ಜಿದಾರಳು ಇದಕ್ಕೆ ಮಾತ್ರ ಬೆಚ್ಚಲಿಲ್ಲ. ಹಸು ಸಾಲದಿಂದ ಹಿಡಿದು ಪಡಿತರ ಚೀಟಿಯವರೆಗೆ ಅವಳು ಕೊಟ್ಟ ಯಾವ ಕಾಗದದ ಫಾರ್ಮ್ಯಾಟೂ ಮೊದಲ ಸಲಕ್ಕೆ ಸರಿಯಿದ್ದದ್ದಿಲ್ಲ.

5. ಬಾಲಾಜಿಯ ವಿವರಣೆ ಹೀಗಿತ್ತು: "ಅಮ್ಮ, ಆ ಸ್ಟುಡಿಯೋನೋನು ಇದ್ನ ಡಿವಿಡಿ ಸಿನಿಮಾ ತರ ಮಾಡಿಲ್ಲ. ಕಂಪ್ಯೂಟರ್‌ನಾಗಿದ್ದ ಫೈಲ್ನ ಅಂಗೇ ತುಂಬವ್ನೆ. ನಿಮ್ ಪೆಟ್ಟಿಗೆ ಅದ್ನ ತಿನ್ನಲ್ಲ." ಅಂದರೆ ಮುದ್ದೆ ಉಣ್ಣುವವರ ಮುಂದೆ ಹಸಿ ರಾಗಿ ಸುರಿದ ಹಾಗೆ. ಆದ್ದರಿಂದ ಆ ಫೈಲನ್ನು ತಮ್ಮ ಹಲ್ಲಿಗೆ ತಕ್ಕಂತೆ ಬೇಯಿಸಿ, ನಾಗೇಶನ ಪೆನ್‌ಡ್ರೈವಿಗೆ ಹಾಕುವುದೆಂದಾಯಿತು. ಪೆನ್‌ಡ್ರೈವನ್ನೂ ತಾವು ಗುರುತು ಹಿಡಿಯಲಿಲ್ಲ. ಅದನ್ನೂ ಹಳೇ ಪದ್ಧತಿಗೆ ಫಾರ್ಮ್ಯಾಟ್ ಮಾಡಬೇಕಾಯಿತು, ಅದರಲ್ಲಿದ್ದ ನಾಗೇಶನ ಭಕ್ತಿಗೀತೆಗಳೆಲ್ಲ ಅಳಿಸಿಹೋದವು. ಮೂರು ದಿನ ನಾಗೇಶ ಹಾಲಿನ ಗಾಡಿಯಲ್ಲಿ ಮೌನವಾಗಿ ಬಂದು ಮೌನವಾಗಿ ಹೋದನು. ಊರಿನ ಕೆಲವರು ಇದಕ್ಕಾಗಿ ತಮಗೆ ಕೃತಜ್ಞರಾಗಿದ್ದಾರೆ.

6. ಇಷ್ಟೆಲ್ಲ ಆದ ಮೇಲೆ ತಾವು ಓಡಿದಿರಿ. ಮೊದಲು ಕಪ್ಪು ಬಿಳುಪಿನಲ್ಲಿ, ಉರುಳುತ್ತಾ. ಸೊಣ್ಣಪ್ಪನವರು ರಿಮೋಟಿನ ಮೇಲೆ ಕೂತು ಯಾವುದೋ ಗುಂಡಿ ಒತ್ತಿದ್ದರಿಂದ ಬಣ್ಣದ ಪದ್ಧತಿಯೇ ಬದಲಾಗಿತ್ತೆಂದು ಬಾಲಾಜಿ ಫೋನಿನಲ್ಲಿ ಹೇಳಿಕೊಟ್ಟನು. ಬಣ್ಣ ಬಂತು. ಅಂಬಿಕಳ ಧಾರೆ ಸೀರೆಯ ಕೆಂಪು ಬಂತು. ದನಿ ಮಾತ್ರ ಬರಲಿಲ್ಲ. ವಾಲಗದವರು ಕೆನ್ನೆ ಊದಿಸಿಕೊಂಡು ಸುಮ್ಮನೆ ಕೂತಿದ್ದರು.

ಅರ್ಜಿದಾರಳು ಸೋದರಮಾವನ ಶಾಸ್ತ್ರದ ಜಾಗಕ್ಕಾಗಿ ರಿಮೋಟು ಹಿಡಿದು ಕಾದಳು. ಆ ಜಾಗ ಬಂತು. ಸರಿಯಾಗಿ ಅಲ್ಲಿಗೆ ಸ್ಟುಡಿಯೋದವನು ಒಂದು ಗುಲಾಬಿ ಹೂವನ್ನು ಪರದೆ ತುಂಬ ಅರಳಿಸಿ, ಅದರೊಳಗಿಂದ ಹಿಮದ ಬೆಟ್ಟ ಎಬ್ಬಿಸಿ, ಬೆಟ್ಟದ ತುದಿಯಲ್ಲಿ ವಧುವರರನ್ನು ನಿಲ್ಲಿಸಿದ್ದನು. ಯಾರು ಯಾರನ್ನು ಕೂಗಿದರು, ಕೂಗಲಿಲ್ಲ ಎಂಬುದು ಆ ಗುಲಾಬಿಯ ಅಡಿಯಲ್ಲಿ ಶಾಶ್ವತವಾಗಿ ಹೂತುಹೋಗಿದೆ. ಕಾಮಸಮುದ್ರ ಹೋಬಳಿಯ ಒಂದು ಜಗಳಕ್ಕೆ ಹಿಮದ ಬೆಟ್ಟದಿಂದ ಸಾಕ್ಷಿ ಕರೆಸಲು ಅರ್ಜಿದಾರಳಿಗೆ ಶಕ್ತಿಯಿಲ್ಲ.

7. ಆಮೇಲೆ ಬಂದದ್ದು ಊಟದ ಚಪ್ಪರ. ಅಲ್ಲಿದ್ದನು ಮುನಿಶಾಮಿ. ಪಂಚೆ ಎತ್ತಿ ಕಟ್ಟಿ, ಕೈಯಲ್ಲಿ ಸಾರಿನ ಸೌಟು ಹಿಡಿದು, ಹುಬ್ಬು ಗಂಟಿಕ್ಕಿಕೊಂಡು ಕ್ಯಾಮೆರಾ ಕಡೆ ತಿರುಗಿ ಏನೋ ಅಂದನು. ಸೌಟಿನಿಂದ ಮಂಟಪದ ಕಡೆ ತೋರಿಸಿ ಮತ್ತೇನೋ ಅಂದನು. ತಲೆ ಕೊಡವಿದನು. ತುಟಿ ಅಲ್ಲಾಡುತ್ತಿತ್ತು, ಮಾತಿಲ್ಲ. ಮಾತು ತಮ್ಮ ಹೊಟ್ಟೆಯಲ್ಲಿತ್ತು.

"ನೋಡೇ, ನಿನ್ನೇ ಬೈತಾವ್ನೆ" ಎಂದರು ಸೊಣ್ಣಪ್ಪನವರು. ಅರ್ಜಿದಾರಳು ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ನೋಡಿದಳು. ನೋಡಿದಷ್ಟೂ ಬೈಗುಳ ಸ್ಪಷ್ಟವಾಗುತ್ತಾ ಹೋಯಿತು. ಮಾರನೇ ಬೆಳಗ್ಗೆ ಹಾಲು ಹಾಕುವಾಗಲೇ ನಾಗೇಶನಿಗೆ ಹೇಳಿದಳು: "ನನ್ ಮಗಳ ಮದ್ವೇಲಿ ನಿಂತ್ಕೊಂಡು ಊರ್ ಮುಂದೆ ನನ್ನ ಬೈದೋನು ಅವ್ನು. ನನ್ ಕಣ್ಣಾರೆ ನೋಡ್ದೆ. ಅವ್ನ್ ಮನೆ ಒಸ್ಲು ನಾನ್ ತುಳಿಯಲ್ಲ ಅಂತ ಏಳ್ಲಾ." ನಾಗೇಶನಿಗೆ ಭಕ್ತಿಗೀತೆಯ ಸಿಟ್ಟೂ ಇತ್ತು. ಒಂದಕ್ಷರ ಬಿಡದೆ, ಒಂದೆರಡು ಸೇರಿಸಿಯೇ ಮುಟ್ಟಿಸಿದನು. ಸಂಜೆಗೆ ಉತ್ತರ ಬಂತು: "ಸರಿ. ಅರಿಶ್ಣ ಅಚ್ಚಾಕೆ ಬೇರೆ ಕೈ ನೋಡ್ಕೋತೀವಿ." ಆ ರಾತ್ರಿ ಅರ್ಜಿದಾರಳಿಗೆ ಅನ್ನ ಸೇರಲಿಲ್ಲ.

8. ಹೀಗಿರುವಾಗ ಬಾಲಾಜಿಯೇ ಫೋನ್ ಮಾಡಿ, "ದನಿ ಬಂತಾ ಅಮ್ಮ?" ಎಂದು ಕೇಳಿದನು. ಬರಲಿಲ್ಲ ಎಂದಾಗ, "ಚಿತ್ರಕ್ಕೊಂದು ಬಗೆ, ದನಿಗೊಂದು ಬಗೆ ಇರ್ತದೆ. ದನಿ ಬಗೆ ನಿಮ್ ಪೆಟ್ಟಿಗೆಗೆ ಗೊತ್ತಿಲ್ಲ, ತಗಂಬನ್ನಿ" ಎಂದನು. ದನಿಯ ಬಗೆಯೊಂದನ್ನೇ ತಮಗೆ ತಕ್ಕಂತೆ ಬದಲಾಯಿಸಿ ಕೊಟ್ಟನು. ಅರ್ಜಿದಾರಳಿಗೆ ಅದನ್ನು ಕೇಳುವ ಮನಸ್ಸಿರಲಿಲ್ಲ. ಬೈಗುಳ ಪೂರ್ತಿ ಗೊತ್ತಾದರೆ ಜಗಳ ಇನ್ನೂ ಗಟ್ಟಿಯಾಗುತ್ತದೆ ಎಂಬ ಸದುದ್ದೇಶದಿಂದ ಸೊಣ್ಣಪ್ಪನವರು ಹಾಕಿದರು.

ವಾಲಗ ಕೇಳಿಸಿತು. ಚಪ್ಪರ ಬಂತು. ಮುನಿಶಾಮಿ ಸೌಟು ಎತ್ತಿದನು. ಕೆಳಕಂಡಂತೆ ನುಡಿದನು:

"ನನ್ನ ಯಾಕ್ಲಾ ಇಡೀತೀಯ? ಅಲ್ಲಿ ನೋಡು, ನಮ್ಮಕ್ಕ. ಬೆಳಗ್ಗಿಂದ ಒಂದ್ ತೊಟ್ಟು ನೀರ್ ಕುಡ್ದಿಲ್ಲ ಅವ್ಳು. ಬಾವನ್ಗೆ ಏಳಿ ಏಳಿ ಸಾಕಾಯ್ತು. ಬಡ್ಸೋರು ಕೈ ಕೊಟ್ರು, ಈ ಪಂಕ್ತಿ ಬಿಟ್ರೆ ಬೀಗರ ಮುಂದೆ ನಮ್ಮಕ್ಕನ್ ಮರ್ವಾದೆ ಓಗ್ತದೆ. ನೀನಾರ ಓಗಿ ಒಂದ್ ಲೋಟ ಮಜ್ಜಿಗೆ ಕೊಡಪ್ಪ. ನಾನ್ ಕೊಟ್ಟೆ ಅನ್ಬೇಡ, ಬ್ಯಾಡ ಅಂತಾಳೆ."

ಮಾನ್ಯರೇ, ಆ ಮಜ್ಜಿಗೆ ಬಂದಿತ್ತು. ಕ್ಯಾಮೆರಾದವನ ಜೊತೆ ಲೈಟು ಹಿಡಿದಿದ್ದವನು ತಂದು ಕೊಟ್ಟಿದ್ದನು, ಅರ್ಜಿದಾರಳು ನಿಂತಲ್ಲೇ ಕುಡಿದಿದ್ದಳು. ಬೀಗರ ಕಡೆಯವರು ಕಳಿಸಿದ್ದೆಂದು ತಿಳಿದು, ಇಷ್ಟು ವರ್ಷ ಡೈರಿಯ ಸಾಲಿನಲ್ಲಿ ನಿಂತು ಬೀಗರ ಸಂಸ್ಕಾರವನ್ನು ಹೊಗಳಿದ್ದಾಳೆ, "ನನ್ ಒಡಹುಟ್ಟಿದೋನಿಗೆ ತೋಚ್ಲಿಲ್ಲ ನೋಡಿ" ಎಂಬ ಮಾತನ್ನೂ ಸೇರಿಸಿ.

ಸೊಣ್ಣಪ್ಪನವರು ಹಸುವಿಗೆ ನೀರು ತೋರಿಸಬೇಕೆಂದು ಎದ್ದು ಹೋದರು. ಹಸು ಆಗಲೇ ನೀರು ಕುಡಿದಿತ್ತು. ಅರ್ಜಿದಾರಳು ತಮ್ಮ ಮುಂದೆ ನೆಲದ ಮೇಲೆ ಕೂತು ಅತ್ತಳು. ಇದನ್ನು ತಾವು ನೋಡಿದ್ದೀರಿ.

9. ಆದಕಾರಣ, ಈ ಮಾತನ್ನು ನಾಗೇಶನ ಕೈಲಿ ಕಳಿಸತಕ್ಕದ್ದಲ್ಲವೆಂದು ಅರ್ಜಿದಾರಳು ನಿರ್ಧರಿಸಿದ್ದಾಳೆ. ಮುನಿಶಾಮಿಯ ಮನೆಯಲ್ಲಿ ಟಿವಿ ಉಂಟು, ತಮ್ಮಂಥವರಿಲ್ಲ. ಆದಕಾರಣ ಬರುವ ಭಾನುವಾರ ಕಾಮಸಮುದ್ರದ ಬಸ್ಸಿನಲ್ಲಿ ತಮ್ಮನ್ನು ಟವೆಲ್ ಸುತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಹೋಗಲಾಗುವುದು. ಕಲ್ಪನಳ ಅರಿಶಿನಕ್ಕೆ ಎಲೆ ಅಡಿಕೆ ಬರಲಿ, ಬಾರದೇ ಇರಲಿ. ಆದಕಾರಣ ಕೆಳಗಿನಂತೆ ಪ್ರಾರ್ಥನೆ:

(ಅ) ಬಸ್ಸಿನ ಕುಲುಕಾಟವನ್ನು ನೆಪ ಮಾಡಿಕೊಂಡು ತಾವು ಮುನಿಸಿಕೊಳ್ಳಬಾರದು. ನಮ್ಮ ಮನೆಯಲ್ಲಿ ಮುನಿಸಿಕೊಳ್ಳುವವರು ಈಗಾಗಲೇ ಸಾಕಷ್ಟಿದ್ದಾರೆ.

(ಆ) ಗುಲಾಬಿ, ಹಿಮದ ಬೆಟ್ಟ ಇತ್ಯಾದಿಗಳನ್ನು ತೋರಿಸದಿದ್ದರೂ ನಡೆಯುತ್ತದೆ. ಬಣ್ಣ ಬಾರದಿದ್ದರೂ ನಡೆಯುತ್ತದೆ. ಚಿತ್ರವೇ ಬಾರದಿದ್ದರೂ ನಡೆಯುತ್ತದೆ.

(ಇ) ದನಿ ಬರಬೇಕು.

ತಮ್ಮ ವಿಶ್ವಾಸಿ,
ಅಶ್ವತ್ಥಮ್ಮ

ಬರೆದುಕೊಟ್ಟವರು: ಕುಪ್ಪುಸ್ವಾಮಿ, ರಾಬರ್ಟ್‌ಸನ್‌ಪೇಟೆ. (ಫೀಸು ತೆಗೆದುಕೊಂಡಿರುವುದಿಲ್ಲ.)

ಲಗತ್ತುಗಳು:
1. ಮದುವೆ ಡಿಸ್ಕ್, ಕುಂಕುಮ ಒರೆಸಿದ್ದು.
2. ಪೆನ್‌ಡ್ರೈವ್. ಮಾಲೀಕ ನಾಗೇಶ, ವಾಪಸ್ ಕೊಡತಕ್ಕದ್ದು, ಹಾಡು ತುಂಬಿಸಿ.
3. ರಿಮೋಟ್, ಹಿಂದಿನ ಮುಚ್ಚಳದ ಬದಲು ರಬ್ಬರ್ ಬ್ಯಾಂಡ್ ಸಹಿತ.

ಮರೆತ ಮಾತು: ತಮ್ಮನ್ನು ಪೂರ್ತಿ ನಂಬುವ ಹಾಗಿಲ್ಲವಾದ್ದರಿಂದ, ಚಪ್ಪರದಲ್ಲಿ ಮುನಿಶಾಮಿ ಆಡಿದ ಮಾತನ್ನು ಅರ್ಜಿದಾರಳು ಬಾಯಿಪಾಠ ಮಾಡಿಕೊಂಡಿದ್ದಾಳೆ. ಮೊದಲು ತಾನೇ ಅವನೆದುರು ಹೇಳುವುದೆಂದಿದ್ದಾಳೆ. ನಡುವೆ ಎಲ್ಲಾದರೂ ಅವಳ ದನಿ ನಿಂತುಹೋದಲ್ಲಿ, ಅಲ್ಲಿಂದ ಮುಂದಕ್ಕೆ ತಾವು ಓಡಿಸಿಕೊಡಬೇಕಾಗಿ ವಿನಂತಿ.