ಜಾಲಿ ಕೊರಡಿನ ಆರ್ಕಿಡ್

ಗುರುಸಿದ್ಧನ ಮನೆಗೆ ಶನಿ ಬಂದದ್ದು ಬಾಗಿಲಿನಿಂದಲ್ಲ, ಒಂದು ಮೊಳ ಉಣ್ಣೆಯ ದಾರದಿಂದ.

ಆರ್ಕಿಡ್ ಗಿಡವನ್ನು ಮರದ ತುಂಡಿನ ಮೇಲೆ ಬೆಳೆಸಬೇಕಾದರೆ ದಾರ ಬೇಕು. ಬೇರು ತಾನಾಗಿ ತೊಗಟೆಯನ್ನು ಹಿಡಿದುಕೊಳ್ಳುವವರೆಗೆ ಗಿಡ ಅಲುಗಾಡಬಾರದು. ಗುರುಸಿದ್ಧ ಮೊದಲು ಸೆಣಬಿನ ಹುರಿ ಕಟ್ಟಿದ್ದ. ಸೋಲಾಪುರದ ಬಿಸಿಲಿಗೆ ಅದು ಹಪ್ಪಳದಂತೆ ಮುರಿದು ಬಿತ್ತು. ಆಗ ಚಪಳಗಾಂವದಿಂದ ತಾಯಿ ಹಣಮವ್ವ ಕಳಿಸಿದ್ದ ಕರಿಕುರಿಯ ಉಣ್ಣೆಯ ದಾರ ನೆನಪಾಯಿತು. ಕಂಬಳಿ ನೇಯುವ ದಾರ. ಒಮ್ಮೆ ನೀರು ಚಿಮುಕಿಸಿದರೆ ಸಂಜೆಯವರೆಗೂ ತಂಪು ಹಿಡಿದಿಡುತ್ತದೆ. ಕುರುಬರ ಮನೆಯಲ್ಲಿ ಹುಟ್ಟಿದ್ದಕ್ಕೆ ಈ ಊರಲ್ಲಿ ಸಿಕ್ಕ ಮೊದಲ ಲಾಭ ಇದೇ ಎಂದುಕೊಂಡು, ಭಾನುವಾರ ಮುಂಜಾನೆ ಹೂಬಿಟ್ಟ ಗಿಡವನ್ನು ಜಾಲಿ ಕೊರಡಿಗೆ ಬಿಗಿದು ಮೆಟ್ಟಿಲೇರಿದ ಕೂಡಲೇ ಕಾಣುವ ಬಾಗಿಲ ಮೇಲೆ ತೂಗುಹಾಕಿದ. ಪಕ್ಕದಲ್ಲೇ ಒಂದು ತಂತಿಯ ಬುಟ್ಟಿ. ಅದರೊಳಗೆ ಇದ್ದಿಲು, ಇಟ್ಟಂಗಿ ಚೂರು, ತೆಂಗಿನ ನಾರು, ನಡುವೆ ಇನ್ನೊಂದು ಗಿಡ.

ಚಾದರ ಕಾರ್ಖಾನೆಯಲ್ಲಿ ಅಂಚಿನ ಹೂಗಳ ನಕ್ಷೆ ಬರೆಯುವುದು ಅವನ ಕೆಲಸ. ಜೀವವಿಲ್ಲದ ಹೂ ಬರೆದು ಬರೆದು ಬೇಸತ್ತು, ಜೀವ ಇರುವುದೊಂದನ್ನು ಕಣ್ಣೆದುರು ಇಟ್ಟುಕೊಳ್ಳುವ ಆಸೆಗೆ ಪುಣೆಯಿಂದ ಇವನ್ನು ತಂದಿದ್ದ.

ಆ ಸಂಜೆ ಮನೆಯ ಮಾಲಕ ಕಾಂತೇಶ ಅಕ್ಕಲಕೋಟದಿಂದ ಬರುವವನಿದ್ದ. ಬಾಡಿಗೆಯ ಕರಾರು ಮುಗಿದಿತ್ತು. ಮುಂದುವರಿಸುವುದೂ ಬಿಡಿಸುವುದೂ ಅವನ ನಾಲಿಗೆಯ ಮೇಲಿತ್ತು. ವಿಜಾಪುರ ರಸ್ತೆಯಲ್ಲಿ ಗುರುಸಿದ್ಧನಿಗೆ ಮನೆ ಸಿಗುವುದೆಂದರೆ ಬೋಳುತಲೆಯಲ್ಲಿ ಹೇನು ಸಿಕ್ಕ ಹಾಗೆ. ‘ಅಡ್ಡಹೆಸರ ಏನ್ರಿ?’ ಎಂದು ಕೇಳಿ, ಹೇಳಿದ ಕೂಡಲೇ ‘ಮನಿ ನಿನ್ನೇನ ಹೋತಲ್ರಿ’ ಎಂದ ಬಾಗಿಲುಗಳು ಆ ರಸ್ತೆಯುದ್ದಕ್ಕೂ ಇದ್ದವು. ಕಾಂತೇಶನೊಬ್ಬ ಕೊಟ್ಟಿದ್ದ, ಒಲೆಯ ಮೇಲೆ ಮಾಂಸ ಏರಬಾರದೆಂಬ ಮಾತಿನ ಮೇಲೆ. ಗುರುಸಿದ್ಧನ ಹೆಂಡತಿ ರೂಪಾಲಿ, ಕೋಳಿಯ ಚಿತ್ರವಿದ್ದ ಕ್ಯಾಲೆಂಡರನ್ನು ಸಹ ಗೋಡೆಗೆ ಹಾಕದೆ ವರ್ಷ ಕಳೆದಿದ್ದಳು.

ಮೇಲಿನ ಮಹಡಿಯ ಕಲ್ಯಾಣಮ್ಮ ಹಾಲಿಗೆಂದು ಇಳಿದವಳು ಕೊರಡಿನ ಮುಂದೆ ನಿಂತುಬಿಟ್ಟಳು.

‘ಏನ್ ಕಟ್ಟೀಯಪಾ ಇದು?’

‘ಗಿಡರೀ ಅಕ್ಕಾರ.’

‘ಗಿಡಕ್ಕ ಮಣ್ಣೆಲ್ಲಿ ಅದ?’

‘ಇದಕ್ಕ ಮಣ್ಣು ಬೇಕಾಗಂಗಿಲ್ರಿ. ಗಾಳಿಯೊಳಗಿನ ತಂಪು ಕುಡದು ಬದುಕತದ.’

‘ಮಣ್ಣಿಲ್ದ ಗಾಳಿಯೊಳಗ ಬದುಕೂದಕ್ಕ ಗಿಡ ಅನ್ನೂದಿಲ್ಲ ತಮ್ಮಾ. ಅದಕ್ಕ ಬ್ಯಾರೆ ಹೆಸರ ಅದ.’

ಕರಿ ಉಣ್ಣೆ, ಇದ್ದಿಲು, ತೆಂಗಿನ ನಾರು, ಹೆಣದ ಬೆರಳಿನಂತೆ ಇಳಿಬಿದ್ದ ಬೂದಿಬಣ್ಣದ ಬೇರು. ಅವಳು ಒಂದೊಂದನ್ನೇ ನೋಡಿ ಮೊಣಕಾಲು ಹಿಡಿದುಕೊಂಡಳು. ‘ಮಾಟ ಇದು. ನಿನ್ನಿಯಿಂದ ನನ್ನ ಕಾಲು ಯಾಕ ಹಿಡದಾವ ಅಂತ ಈಗ ತಿಳೀತು.’

ಮುಂಜಾನೆ ಕಟ್ಟಿದ ದಾರ ನಿನ್ನೆಯ ಕಾಲನ್ನು ಹೇಗೆ ಹಿಡಿಯಿತೆಂದು ಅವಳ ಕೂಗಿಗೆ ಬಂದು ನೆರೆದವರಲ್ಲಿ ಯಾರೂ ಕೇಳಲಿಲ್ಲ. ತಪ್ಪು ಯಾವ ಮನೆಯದೆಂದು ಮೊದಲೇ ಗೊತ್ತಿದ್ದರೆ ಅಂಥ ಲೆಕ್ಕ ಯಾರಿಗೆ ಬೇಕು?

ಸೊಸಾಯಟಿಯ ಸೆಕ್ರೆಟರಿ ಶೈಲೇಶ ಬನಿಯನ್ನಿನಲ್ಲೇ ಬಂದ. ‘ಬಘಾ, ಇಲ್ಲಿ ಕರಣಿ-ಬಿರಣಿ ಚಾಲಣಾರ ನಾಹಿ. ಮಾಟಾ-ಗೀಟಾ ನಡಿಯಂಗಿಲ್ಲ. ಮಾಲಕರಿಗೆ ಫೋನ್ ಹಚ್ಚೀನಿ. ಸಂಜೀಕ ಬರ್ತಾರ ಅವರು.’

ಗುರುಸಿದ್ಧ ಒಳಗೆ ಓಡಿದ. ಬಾಯಿಂದ ತಿಳಿಯದವರಿಗೆ ಕಣ್ಣಿಂದ ತಿಳಿಯಲೆಂದು ನೀರಿನ ಬಾಟಲಿ ತಂದು ಬೇರಿಗೆ ಚಿಮುಕಿಸಿದ. ಗಾಳಿ ತಿರುಗಿ ಅಷ್ಟೂ ನೀರು ಕಲ್ಯಾಣಮ್ಮನ ಮುಖದ ಮೇಲೆ ಹೋಯಿತು. ಅವಳು ಮೆಟ್ಟಿಲ ಮೇಲೆ ಕುಸಿದಳು.

‘ಹಾಕಿಬಿಟ್ಟ. ಮಂತ್ರದ ನೀರ ಮಾರಿಗೇ ಹಾಕಿಬಿಟ್ಟ.’

‘ನಳದ ನೀರ್ರಿ ಅಕ್ಕಾರ.’

‘ನಳ ಬಂದು ನಾಕ ದಿನ ಆತು. ನನ್ನ ಮುಂದ ಸುಳ್ಳ ಹೇಳಬ್ಯಾಡ.’

ಅದೇ ಹೊತ್ತಿಗೆ ಹಣಮವ್ವ ರೊಟ್ಟಿಗಂಟು ಹೊತ್ತು ಬಸ್ಸಿಳಿದು ಬಂದಳು. ಗುಂಪಿನ ನಡುವೆ ಮಗ ತಲೆ ತಗ್ಗಿಸಿದ್ದ. ಗುಂಪೆಂದರೇನೆಂದು ಆ ಮುದುಕಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕುರಿಯೊಂದು ಯಾರದೋ ಬದು ದಾಟಿದಾಗಲೆಲ್ಲ ನೋಡಿದ್ದಳು. ಅಲ್ಲಿ ನ್ಯಾಯ ಮಾತಾಡಿದವರು ಪೆಟ್ಟು ತಿಂದಿದ್ದರು, ದೇವರನ್ನು ಮುಂದೆ ಮಾಡಿದವರು ಉಳಿದಿದ್ದರು. ಮಾಟ ಎಂಬ ಮಾತು ಕಿವಿಗೆ ಬಿದ್ದದ್ದೇ, ಸೊಂಟದ ಚೀಲದಿಂದ ಕುಲದೇವರ ಭಂಡಾರದ ಅರಿಷಿಣ ಪುಡಿ ತೆಗೆದು ಕೊರಡಿನ ಮೇಲೆ ಎರಚಿದಳು. ಗಿಡ, ಬೇರು, ಹೂ ಎಲ್ಲ ಅರಿಷಿಣವಾಯಿತು.

‘ಬಿರೋಬಾ, ತಪ್ಪಾತೋ ಯಪ್ಪಾ. ನಿನಗ ಮಾಟ ಅಂದಾರ. ಅರಿಯದ ಮಂದಿ, ಹೊಟ್ಟ್ಯಾಗ ಹಾಕ್ಕೋ.’ ಗುಂಪಿನ ಕಡೆ ತಿರುಗಿದಳು. ‘ಕರಿ ಕಂಬಳಿ ಹೊತ್ತು ಕುಂತಾನ, ಕಾಣಂಗಿಲ್ಲೇನು? ಹೂವಿನೊಳಗ ಮಾರಿ ಐತಿ, ನಾಲಿಗಿ ಐತಿ. ನಾಳಿ ಯಾರದರ ಬಾಯಿ ಸೊಟ್ಟಾದ್ರ ನನ್ನ ಕೇಳಬ್ಯಾಡ್ರಿ.’

ಶೈಲೇಶ ಮೆಲ್ಲಗೆ ತನ್ನ ಬಾಯಿ ಮುಟ್ಟಿ ನೋಡಿಕೊಂಡ.

‘ಯವ್ವಾ, ಇದು ಪುಣೇದಿಂದ...’ ಗುರುಸಿದ್ಧ ಶುರುಮಾಡಿದ.

ಹಣಮವ್ವ ಅವನ ಕಾಲ್ಬೆರಳ ಮೇಲೆ ತನ್ನ ಹಿಮ್ಮಡಿ ಇಟ್ಟಳು. ‘ಸುಮ್ಮ ನಿಂದ್ರು. ಮನಿ ಉಳೀಲಿ.’

ಮನೆ ಉಳಿಯಬೇಕಾಗಿತ್ತು. ಅವನೂ ಕೊರಡಿಗೆ ಕೈಮುಗಿದ.

ಮೊದಲು ಎದ್ದು ನಿಂತವಳು ಕಲ್ಯಾಣಮ್ಮ. ‘ಅಯ್ಯ, ಕಾಲು ಹಗೂರ ಆತಲ್ಲ.’ ಬಾಯಿ ಸೊಟ್ಟಗಾಗುವ ಭಯಕ್ಕೆ ಯಾವ ಕಾಲಾದರೂ ಹಗುರಾಗುತ್ತದೆ. ಮಧ್ಯಾಹ್ನದೊಳಗೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬಿತ್ತು. ಊದುಬತ್ತಿ ಹೊಗೆಯಾಡಿತು, ಕಾಯಿ ಒಡೆದವು. ವರ್ಷವಿಡೀ ಇವರ ಹೊಸ್ತಿಲು ದಾಟದವರು ಒಳಗೆ ಕೂತು ಕೈಮುಗಿದರು. ರೂಪಾಲಿ ಹಿಗ್ಗಿ ಎಲ್ಲರಿಗೂ ಚಹಾ ತಂದಳು. ‘ಈಗರೆ ಕುಡದು ಬಂದೀವ್ರಿ’ ಎಂದರು ಎಲ್ಲರೂ. ಪ್ರಸಾದಕ್ಕೆ ಮಾತ್ರ ಕೈ ಒಡ್ಡಿದರು. ತಟ್ಟೆಯ ಮೇಲೆ ಚಹಾ ಕೆನೆಗಟ್ಟಿತು.

ಸಂಜೆ ಕಾಂತೇಶ ಬಂದ, ಕೆಳಗೇ ಶೈಲೇಶನಿಂದ ಎಲ್ಲ ಕೇಳಿಕೊಂಡು. ತನ್ನದೇ ಮನೆಯ ಮುಂದೆ ಬೂಟು ಬಿಚ್ಚಿ, ಕೊರಡಿಗೆ ಅಡ್ಡಬಿದ್ದ. ಗುರುಸಿದ್ಧನ ಎದೆಯಿಂದ ಬೀಸುವ ಕಲ್ಲು ಇಳಿದಂತಾಯಿತು.

‘ಕರಾರು ಮುಂದ ನಡಸೂಣು ಅಂತನ ಮನಸಿನ್ಯಾಗ ಇಟ್ಕೊಂಡಿದ್ದೆ ನೋಡ್ರಿ,’ ಎಂದ ಕಾಂತೇಶ, ಕಣ್ಣು ಒರೆಸುತ್ತ. ‘ಆದ್ರ ಈಗ ಹೆಂಗಾಗ್ತದ? ದೇವರು ಇಳದ ಜಾಗಾ. ಇಲ್ಲಿ ಸಂಸಾರ ನಡಸಬಾರದು. ಅದೂ ನಿಮ್ಮಂಥವರು... ಕುರಿ-ಕ್ವಾಳಿ ತಿನ್ನೂ ಮಂದಿ. ಈ ವಾರದಾಗ ಖಾಲಿ ಮಾಡಿಬಿಡ್ರಿ. ನಾಳಿ ಪೂಜಾರಿ ಬರ್ತಾನ.’

ಹಣಮವ್ವ ಮುಂದೆ ಬಂದಳು. ‘ಸಾವಕಾರ, ಅಂವ ನಮ್ಮ ದೇವರು. ನಮ್ಮ ಕುರಿ ಬೆನ್ನಹತ್ತಿ ಅಡವಿ ತಿರುಗಿದಂವ.’

‘ದೇವರಿಗೆ ಎಲ್ಲಿ ಜಾತಿ ಅದರೀ ಅವ್ವಾರ? ಅಂವ ಎಲ್ಲಾರಿಗೂ ದೇವರು.’

ಸುತ್ತಲಿನವರು ಆ ದೊಡ್ಡ ಮಾತಿಗೆ ತಲೆದೂಗಿದರು.

ಗುರುಸಿದ್ಧ ತಡೆದುಕೊಳ್ಳದೆ ಒದರಿದ. ‘ದೇವರೂ ಅಲ್ಲ ಏನೂ ಅಲ್ರಿ. ಗಿಡ ಅದು. ಆರ್ಕಿಡ್. ಪುಣೇದಾಗ ರಸ್ತಾದ ಮ್ಯಾಲ ಮಾರ್ತಾರ.’

ಶೈಲೇಶ ಶಾಂತವಾಗಿ ಕೇಳಿದ. ‘ದೇವರಲ್ಲ ಅಂದ್ರ ಮುಂಜಾನೆ ಕಲ್ಯಾಣಮ್ಮ ಅಂದಿದ್ದೇ ಖರೆ ಆತು. ಮಾಟಕ್ಕ ಕಾಯದಾ ಅದ. ಪೋಲೀಸರನ್ನ ಕರೀಲೇನು? ವಿಚಾರ ಮಾಡಿ ಒಂದ ಹೇಳ್ರಿ.’

ದೇವರೆಂದರೆ ಮನೆಯಿಂದ ಹೊರಗೆ. ಅಲ್ಲವೆಂದರೆ ಜೇಲಿನ ಒಳಗೆ. ಗಿಡ ಎನ್ನುವ ಮಾತಿಗೆ ಆ ಸಂಜೆ ಸೋಲಾಪುರದಲ್ಲಿ ಜಾಗವೇ ಇರಲಿಲ್ಲ.

‘ದೇವರೇ ಇರಲಿ ಬಿಡ್ರಿ,’ ಎಂದ ಗುರುಸಿದ್ಧ.

ಕಾಂತೇಶ ಪ್ರೀತಿಯಿಂದ ಅವನ ಹೆಗಲ ಮೇಲೆ ಕೈಯಿಟ್ಟ. ‘ಇಷ್ಟ ದಿನ ಸೇವಾ ಮಾಡೀರಿ. ಇನ್ನ ಮುಟ್ಟಬ್ಯಾಡ್ರಿ, ಬಾಯಿಲೆ ಹೇಳ್ರಿ ಸಾಕು. ನೀರು ಎಷ್ಟು ಹಾಕಬೇಕು?’

ಗುರುಸಿದ್ಧ ಹೂವನ್ನು ನೋಡಿದ. ಹಾಲು ಬಿದ್ದರೆ ಆರ್ಕಿಡ್ ಬೇರು ಕೊಳೆಯುತ್ತದೆಂದು ಆ ಮನೆಯಲ್ಲಿ ಗೊತ್ತಿದ್ದವನು ಅವನೊಬ್ಬನೇ.

‘ನೀರು ಬ್ಯಾಡ್ರಿ. ಎರಡೂ ಹೊತ್ತು ಹಾಲು ಹಾಕ್ರಿ. ಮ್ಯಾಲ ತುಪ್ಪ ಹಾಕಿದ್ರ ಇನ್ನೂ ಛಲೋ.’

ಹೇಳಿ ಮುಗಿಸುವಷ್ಟರಲ್ಲಿ ಕಣ್ಣೀರು ಕೆನ್ನೆಗಿಳಿಯಿತು. ಕಾಂತೇಶ ಅದನ್ನು ಭಕ್ತಿಯೆಂದೇ ತಿಳಿದ.

‘ಅಳಬ್ಯಾಡ್ರಿ ಗುರುಸಿದ್ಧ. ಅಮಾಸಿಗೊಮ್ಮೆ ಬಂದು ಹೋಗ್ರಿ. ಮ್ಯಾಲ ಹತ್ತೂದು ಬ್ಯಾಡ. ಮೆಟ್ಟಲ ಕೆಳಗ ನಿಂತ್ರೂ ಛಂದ ಕಾಣಸ್ತದ.’