ಮಲ್ಲುವಿನ ಕಾಗದಗಳನ್ನು ನಾನು ಕಾಪಾಡಿದ ಬಗೆ

ಕಾಗದ ಕಾಪಾಡುವ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ನಂಬದೆ ಏನು ಮಾಡಲಿ? ಬೆಳಗಾವಿಯ ಒಂದು ಸರ್ಕಾರಿ ಕಚೇರಿಯ ದಫ್ತರಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕೂತವನು ನಾನು. ಬ್ರಿಟಿಷರ ಕಾಲದ ಕಡತ ಕೇಳಿದರೂ ಕಣ್ಣು ಮುಚ್ಚಿ ಕೈ ಹಾಕಿ ತೆಗೆದುಕೊಡುತ್ತಿದ್ದೆ. ಹಾಗೆ ತೆಗೆದುಕೊಟ್ಟ ಕಡತ ಕೆಲವೊಮ್ಮೆ ಬೇರೆಯದೇ ಆಗಿರುತ್ತಿತ್ತು, ಆ ಮಾತು ಬೇರೆ. ಕಳೆದಿರಲಿಲ್ಲವಲ್ಲ!

ನನ್ನ ಹೆಂಡತಿ ಸುಶೀಲಾಳ ತಮ್ಮ ಮಲ್ಲಿಕಾರ್ಜುನ, ಎಲ್ಲರ ಬಾಯಲ್ಲಿ ಮಲ್ಲು, ಖಾನಾಪುರದವನು. ಚಿತ್ರಕಲೆ ಕಲಿಯಲು ಮುಂಬಯಿಗೆ ಹೋಗಿ ಐದು ವರ್ಷ ಇದ್ದು ಬಂದ. ಬಂದವನು ಚಿತ್ರ ಬಿಡಿಸುವುದನ್ನೇ ನಿಲ್ಲಿಸಿಬಿಟ್ಟ. ಕುಂಚವಿಲ್ಲ, ಬಣ್ಣವಿಲ್ಲ. ತಾನೇ ಎದ್ದು ಏನಾದರೊಂದು ಮಾಡುವುದು, ಅದೇ ಕಲೆ ಎನ್ನುವುದು! ಒಂದು ಸಲ ಮಲಪ್ರಭಾ ನದಿಯಲ್ಲಿ ಕೊಡ ತುಂಬಿ, ಹೆಗಲ ಮೇಲಿಟ್ಟುಕೊಂಡು ಖಾನಾಪುರದ ಪೇಟೆಯೆಲ್ಲ ಸುತ್ತಿ, ಮತ್ತೆ ಅದೇ ನದಿಗೆ ಸುರಿದ. ಏಳು ದಿನ ಹೀಗೇ ನಡೆಯಿತು. ಎಂಟನೆಯ ದಿನ ನಮ್ಮ ಮಾವನವರು ಬಾಗಿಲಿಗೆ ಬಂದು ನಿಂತರು.

"ಅದರಾಗ ಎರಡ ಕೊಡ ಮನಿಗೆ ಹಾಕಿದ್ರ ನಿಮ್ಮವ್ವನ ನಡಾ ಉಳೀತಿತ್ತಲ್ಲೋ!"

ಇನ್ನೊಂದು ಸಲ "ಇಂದು ನಾನು ಇಲ್ಲ" ಎಂದು ದಪ್ಪಕ್ಷರದಲ್ಲಿ ಬರೆದ ರಟ್ಟನ್ನು ಕೊರಳಿಗೆ ಹಾಕಿಕೊಂಡು ಸಂತೆಯಲ್ಲಿ ತಿರುಗಿದ. ಸಂತೆಯವರು ಪಾಪ, ಅವನನ್ನು ನೋಡಿಯೂ ನೋಡದವರಂತೆ ಇದ್ದು ಸಹಕರಿಸಿದರು. ಮಾವನವರು ಮಾತ್ರ ಕೊನೆಯವರೆಗೂ ಬಂದವರಿಗೆಲ್ಲ "ಮಗ ಬೋರ್ಡ್ ಬರೀತಾನ" ಎಂದೇ ಹೇಳುತ್ತ ತೀರಿಕೊಂಡರು.

ಇದಾಗಿ ಎರಡು ವರ್ಷಕ್ಕೆ, ಎಂಬತ್ತರ ದಶಕದ ಆರಂಭದಲ್ಲಿ, ಮುಂಬಯಿಯ ಒಂದು ಕಲಾಸಂಸ್ಥೆ ಮಲ್ಲುವನ್ನು ಕರೆಸಿಕೊಂಡಿತು. ಅಲ್ಲಿಂದ ಅವನು ನಮಗೆ ಕಾರ್ಡು ಬರೆದ. ತನ್ನ ಪತ್ರ, ಟಿಪ್ಪಣಿ, ಕಾಗದಗಳನ್ನೆಲ್ಲ ಸಂಸ್ಥೆಯವರು ಶಾಶ್ವತವಾಗಿ ಕಾಪಾಡಿ ಇಡುತ್ತಾರಂತೆ. ನೋಡಲು ಒಬ್ಬ ಮೇಡಮ್ಮರು ಹತ್ತು ದಿನದಲ್ಲಿ ಬೆಳಗಾವಿಗೆ ಬರುತ್ತಾರಂತೆ. ಖಾನಾಪುರದ ಮನೆಗೆ ಗೆದ್ದಲು ಹತ್ತಿದೆ, ಅದಕ್ಕೆ ಎರಡು ಟ್ರಂಕುಗಳನ್ನು ತಂದು ನಿಮ್ಮ ಮನೆಯಲ್ಲಿ ಇಡಿ ಮಾಮಾ. ಮುಂದಿನ ಸಾಲು ಹೀಗಿತ್ತು: "ದಯವಿಟ್ಟು ಏನೂ ಮಾಡಬೇಡಿ." ಕೆಳಗೆ ಎರಡು ಗೆರೆ.

ಸುಶೀಲಾ ಆ ಕಾರ್ಡನ್ನು ಮೂರು ಸಲ ಓದಿ ದೇವರ ಜಗುಲಿಯ ಮೇಲಿಟ್ಟಳು. ತಮ್ಮನ ಬಗ್ಗೆ ನೆಂಟರ ಕುಹಕ ಕೇಳಿ ಕೇಳಿ ಬೇಸತ್ತವಳು ಅವಳು. "ಅಪ್ಪ ಇರಬೇಕಿತ್ರಿ" ಎಂದು ಕಣ್ಣೊರೆಸಿಕೊಂಡಳು.

ನಾನೂ ಕಾರ್ಡನ್ನು ಓದಿದೆ. 'ಏನೂ ಮಾಡಬೇಡಿ' ಎಂದರೆ ಏನು? ಮಾಮಾನಿಗೆ ತೊಂದರೆ ಕೊಡಬಾರದು ಎಂಬ ಸಂಕೋಚ! ಒಳ್ಳೆಯ ಹುಡುಗ. ಅಂಥವನ ಕೆಲಸವನ್ನು ಮಾಡದೇ ಬಿಡುವುದೇ?

ಮರುದಿನವೇ ಖಾನಾಪುರಕ್ಕೆ ಹೋಗಿ ಟ್ರಂಕುಗಳನ್ನು ಬಸ್ಸಿನ ಮೇಲೆ ಹಾಕಿಸಿದೆ. ಕಂಡಕ್ಟರು "ತಾಡಪತ್ರಿ ಹೊಚ್ಚೂಣೇನ್ರಿ?" ಎಂದು ಕೇಳಿದ. ನಾನು ಆಕಾಶ ನೋಡಿ, ಅನುಭವಸ್ಥನ ಧ್ವನಿಯಲ್ಲಿ, "ಇವತ್ತ ಮಳಿ ಬರೂದಿಲ್ಲ" ಎಂದೆ. ಬಸ್ಸು ಊರು ದಾಟುವುದರೊಳಗೆ ಬಂತು.

ಹಿಂದವಾಡಿಯ ನಮ್ಮ ಮನೆಗೆ ತಂದು ತೆರೆದು ನೋಡಿದರೆ ಒಂದು ಟ್ರಂಕಿನೊಳಗೆ ನೀರು ಇಳಿದಿತ್ತು. ಗಾಬರಿಯಾಗಲಿಲ್ಲ. ಗಾಬರಿಯಾಗುವವನು ದಫ್ತರಖಾನೆಯಲ್ಲಿ ಬಾಳುವುದಿಲ್ಲ. ಮರುದಿನ ಬಿಸಿಲು ಬಿದ್ದೊಡನೆ ಆ ಟ್ರಂಕಿನ ಎಲ್ಲ ಕಾಗದಗಳನ್ನೂ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವ ಹಗ್ಗಕ್ಕೆ ಚಿಮಟಿಗೆ ಸಿಕ್ಕಿಸಿ ತೂಗುಹಾಕಿದೆ. ಹನ್ನೆರಡು ಚಿಮಟಿಗೆ ಇದ್ದವು. ಕಾಗದಗಳು ಇನ್ನೂರು. ಉಳಿದವನ್ನು ಹಾಗೇ ಹಗ್ಗದ ಮೇಲೆ ಹೊದಿಸಿದೆ.

ಗಾಳಿ ಬೀಸಿತು.

ಬಾಜು ಮನೆಯ ಮರಾಠಿ ಕಾಕುವಿನ ಅಂಗಳದಿಂದ, ತೆಂಗಿನ ಗರಿಯಿಂದ, ಗಟಾರದಿಂದ ಕಾಗದಗಳನ್ನು ಆರಿಸಿ ತರುವಷ್ಟರಲ್ಲಿ ಮಧ್ಯಾಹ್ನವಾಯಿತು. ಎಲ್ಲವೂ ಸಿಕ್ಕವು. "ಇಂದು ನಾನು ಇಲ್ಲ" ಎಂಬ ರಟ್ಟು ಮಾತ್ರ ಸಿಗಲಿಲ್ಲ. ಒಂದು ಗಂಟೆಯ ಸುಮಾರಿಗೆ ಕಾಕು ಅದನ್ನು ಕೈಯಲ್ಲಿ ಹಿಡಿದು ಬಂದರು.

"ಅಗ ಬಾಯೀ ಸುಶೀಲಾ! ಇದು ಎದುರಿನ ಡಾಕ್ಟರ ಗೇಟಿಗೆ ಸಿಕ್ಕೊಂಡಿತ್ತು ಗ! ಮೊಣಕಾಲ ತೋರಸಾಕ ಎರಡ ಸಲ ಹೋಗಿ, ಓದಿ, ವಾಪಸ್ ಬಂದೆ. ಮೂರನೇ ಸಲ ಹೋದ್ರ ಒಳಗ ಡಾಕ್ಟರ್ ಪೇಪರ್ ಓದಕೋತ ಕುಂತಾರ! ಮುಂಜಾನಿಂದ ಒಬ್ರೂ ಬಂದಿಲ್ಲ, ಊರಾಗ ರೋಗ ಇಲ್ಲೇನು ಅಂತ ನನ್ನ ಕೇಳ್ತಾರ!"

ಆ ಡಾಕ್ಟರು ನನ್ನ ಜೊತೆ ಮತ್ತೆ ಮಾತಾಡಿದ್ದು ದೀಪಾವಳಿಗೆ.

ಕಾಗದ ಒಣಗಿದವು. ಈಗ ಅಸಲು ಕೆಲಸ, ವರ್ಗೀಕರಣ. ಕಚೇರಿಯಲ್ಲಿ ಹೇಗೋ ಹಾಗೆಯೇ ಅ, ಬ, ಕ, ಡ ಎಂದು ನಾಲ್ಕು ಗಂಟು ಮಾಡಿದೆ. 'ಅ' ಎಂದರೆ ಶಾಶ್ವತ, 'ಡ' ಎಂದರೆ ನಾಶ. ಸಹಿ, ತಾರೀಖು ಇದ್ದ ಗಂಭೀರ ದಾಖಲೆಗಳೆಲ್ಲ 'ಅ'ಕ್ಕೆ ಹೋದವು. ಅವು ಮೂರು: ಎರಡು ರೇಷನ್ ಅರ್ಜಿ, ಒಂದು ನಾಯಿ ಕಚ್ಚಿದ್ದಕ್ಕೆ ಚುಚ್ಚುಮದ್ದಿನ ಚೀಟಿ. ನಂಬರು ಬರೆದ ಒಣ ಎಲೆಗಳು, ಅರ್ಧ ಸುಟ್ಟ ಟಿಕೀಟುಗಳು, 'ನಾಳೆ ಕೂಗಬೇಕು' ಎಂಬಂಥ ಚೀಟಿಗಳು 'ಡ'ಕ್ಕೆ ಹೋದವು. 'ಡ' ಗಂಟನ್ನು ನೀರೊಲೆಯ ಹತ್ತಿರ ಇಟ್ಟಿದ್ದೆ. ಸುಶೀಲಾ ಸದ್ದಿಲ್ಲದೆ ಅದನ್ನೆತ್ತಿ ತನ್ನ ಸೀರೆಗಳ ಕೆಳಗೆ ಮುಚ್ಚಿಟ್ಟಳು. ಇದು ನನಗೆ ಆಗ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ನಿಯಮದ ಪ್ರಕಾರ ಆಕ್ಷೇಪಣೆ ಎತ್ತುತ್ತಿದ್ದೆ.

ಒಂದು ಲಕೋಟೆಯ ಮೇಲೆ 'ಹರಿದದ್ದು' ಎಂದು ಬರೆದಿತ್ತು. ಒಳಗೆ ಚೂರು ಚೂರಾದ ಒಂದು ಪತ್ರ. ಎಂಥ ಅಮೂಲ್ಯ ಪತ್ರವೋ! ಮೈದಾ ಹಿಟ್ಟಿನ ಅಂಟು ಕುದಿಸಿ, ನೆಲದ ಮೇಲೆ ಬೋರಲು ಬಿದ್ದು, ಮೂರು ದಿನ ಚೂರಿಗೆ ಚೂರು ಹೊಂದಿಸಿದೆ. ಮೂರನೆಯ ದಿನ ಸಂಜೆ ಕೊನೆಯ ಚೂರು ಕೂತಿತು. ಅಕ್ಷರ ಬಹಳ ಸುಂದರವಾಗಿತ್ತು. ಎಲ್ಲೋ ನೋಡಿದ ಅಕ್ಷರ. ಓದಿದೆ: "ಚಿ. ಮಲ್ಲುವಿಗೆ ಆಶೀರ್ವಾದಗಳು. ಈ ಹುಚ್ಚಾಟ ಬಿಟ್ಟು ಡ್ರಾಯಿಂಗ್ ಮಾಸ್ತರ ನೌಕರಿಗೆ ಅರ್ಜಿ ಹಾಕತಕ್ಕದ್ದು..."

ನನ್ನದೇ ಪತ್ರ!

ಸುಶೀಲಾ ಬಾಗಿ ನೋಡಿದಳು. "ಹರದು ಒಗದಿಲ್ಲ ನೋಡ್ರಿ. ಚೂರ ಚೂರ ಜ್ವಾಪಾನ ಮಾಡ್ಯಾನ. ನಿಮ್ಮ ಮ್ಯಾಲೆ ಎಷ್ಟ ಗೌರವ ಅವಂಗ!"

ಇನ್ನು ಉಳಿದದ್ದು ಪಟ್ಟಿ. ಪಟ್ಟಿಯಿಲ್ಲದ ದಫ್ತರವೆಂದರೆ ಯಜಮಾನನಿಲ್ಲದ ಮನೆ ಎಂಬುದು ನನ್ನ ಅಭಿಪ್ರಾಯ. ಬರೆಯಲು ಒಳ್ಳೆಯ ಹಾಳೆ ಬೇಕಿತ್ತು. ದೇವರ ದಯೆ, ಮಳೆ ತಾಗದ ಟ್ರಂಕಿನ ತಳದಲ್ಲೇ ಸಿಕ್ಕವು! ನೀಲಿ ಬಟ್ಟೆಯಲ್ಲಿ ಸುತ್ತಿದ, ದಪ್ಪನೆಯ, ಕೆನೆಯಂಥ ಖಾಲಿ ಹಾಳೆಗಳು, ಒಂದು ದೊಡ್ಡ ಕಟ್ಟು. ಪ್ರತಿ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಹಳೆಯ ತಾರೀಖು ಮಾತ್ರ ಇತ್ತು. ಹಳೆಯ ತಾರೀಖಿನ ಹಾಳೆಯ ಮೇಲೆ ಹೊಸ ಪಟ್ಟಿ ಬರೆಯುವುದು ಕಚೇರಿಯ ಶಿಸ್ತಿಗೆ ಹೊಂದುವುದಿಲ್ಲ. ಆದ್ದರಿಂದ ಮೇಲಿನಿಂದ ಅರವತ್ತು ಹಾಳೆ ತೆಗೆದು, ರಬ್ಬರು ಹಿಡಿದು, ಒಂದೊಂದೇ ತಾರೀಖನ್ನು ಶುದ್ಧವಾಗಿ ಅಳಿಸಿದೆ. ಮೇಲೆ ಕಪ್ಪು ಶಾಯಿಯಲ್ಲಿ ನನ್ನ ಮುತ್ತಿನಂಥ ಅಕ್ಷರ! ದಬ್ಬಣದಿಂದ ತೂತು ಹಾಕಿ ಕೆಂಪು ದಾರದಲ್ಲಿ ಹೊಲಿದು ಎದೆಗೆ ಒತ್ತಿಕೊಂಡೆ.

ಹೇಳಿದ ದಿನ ಮಲ್ಲು ಮತ್ತು ಮೇಡಮ್ಮರು ಬಂದರು. ಆಕೆ ಮೂಲ ಧಾರವಾಡದವರು, ಮಾತು ಮೃದು. ಅವಲಕ್ಕಿ, ಚಹಾ ಮುಗಿಸಿ ಕೈಗೆ ಬಿಳಿ ಗ್ಲೌಸು ಹಾಕಿಕೊಂಡರು. ನಾನು ಮೈದಾ ಅಂಟಿದ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡೆ.

"ಮಲ್ಲಿಕಾರ್ಜುನ, ಮೊದಲ ನಿಮ್ಮ 'ಮುಂಜಾನೆಗಳು' ನೋಡೂಣು" ಎಂದರು.

ಮಲ್ಲು ಟ್ರಂಕಿನಿಂದ ನೀಲಿ ಬಟ್ಟೆಯ ಕಟ್ಟು ತೆಗೆದು ಬಿಚ್ಚಿದ. ಬಿಚ್ಚಿದವನು ಮೇಲಿನ ಹಾಳೆಯ ತಾರೀಖನ್ನು ಎರಡು ಸಲ ನೋಡಿದ.

"ಮಾಮಾ, ಮ್ಯಾಲಿನವು ಇಲ್ಲ."

"ಅದರ ಮ್ಯಾಲೆ ಏನಿತ್ತು?" ಎಂದು ಕೇಳಿದೆ.

"ಏನೂ ಇದ್ದಿಲ್ರಿ. ಖಾಲಿ."

"ಮತ್ತ? ಅಂದ್ರ ಏನೂ ಕಳದಿಲ್ಲ!" ಎಂದು ನಾನು ಸಮಾಧಾನದ ಉಸಿರು ಬಿಟ್ಟೆ. ಆಮೇಲೆ, ಸಂತೋಷದ ಸಮಯವೆಂದು ಬಗೆದು, ನನ್ನ ಪಟ್ಟಿಯನ್ನು ತಂದು ಮೇಡಮ್ಮರ ಮುಂದಿಟ್ಟೆ.

ಮಲ್ಲು ಒಂದು ಹಾಳೆಯನ್ನು ಬೆರಳಿನಿಂದ ಸವರಿದ. "ಈ ಹಾಳಿ ಎಲ್ಲಿಂದ ತಂದ್ರಿ, ಮಾಮಾ?"

"ನಿಂದ! ಟ್ರಂಕಿನ್ಯಾಗ ಸುಮ್ನ ಬಿದ್ದಿದ್ದವು."

ಮೇಡಮ್ಮರು ನಿಧಾನವಾಗಿ ಗ್ಲೌಸು ಬಿಚ್ಚಿ ಇಟ್ಟರು. ಮಲ್ಲು ಎದ್ದು ಮಾಳಿಗೆ ಹತ್ತಿಹೋದ. ಸುಶೀಲಾ ನನ್ನತ್ತ ತಿರುಗಿದಳು.

"ಏನೂ ಮಾಡಬ್ಯಾಡ್ರಿ ಅಂತ ಎರಡ ಗೆರಿ ಹೊಡದ ಬರದಿದ್ದ. ಏನೂ ಮಾಡದ ಇರಾಕ ನಿಮಗ ಏನ ಧಾಡಿ ಆಗಿತ್ತು? ಆಫೀಸಿನ್ಯಾಗ ಇಪ್ಪತ್ತೆರಡ ವರ್ಷ ಮತ್ತೇನ ಮಾಡೀರಿ!"

ಮೇಡಮ್ಮರ ಎದುರಿಗೆ!

ನಾನು ಮಾಳಿಗೆಗೆ ಹೋದೆ. ಮಲ್ಲು ಹಗ್ಗ ಹಿಡಿದು ನಿಂತಿದ್ದ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಅಪ್ಪ ಹೋದ ಮರುದಿನದಿಂದ ಸುರು ಮಾಡಿದ್ದೆ, ಮಾಮಾ. ದಿನಾ ಮುಂಜಾನಿ ಒಂದ ಹಾಳಿ ಮುಂದ ಇಟಗೊಂಡು ಕುಂದರತಿದ್ದೆ. ಅಪ್ಪಗ ಹೇಳೂದು ಭಾಳ ಇತ್ತು. ಬರೀಬೇಕು ಅನಿಸೂದು. ಬರೀತಿದ್ದಿಲ್ಲ. ತಾರೀಖ ಹಾಕಿ ಏಳತಿದ್ದೆ. ಏನೂ ಬರೀದಂಗ ಇರೂದು ಭಾಳ ಕಠಿಣ ಐತ್ರಿ. ನಾ ಎರಡ ವರ್ಷ ತಡದಿದ್ದೆ. ನೀವು ಒಂದ ವಾರ ತಡೀಲಿಲ್ಲ."

ನನಗೆ ಕಲೆ ಅಂದೂ ತಿಳಿದಿರಲಿಲ್ಲ, ಇಂದೂ ತಿಳಿಯುವುದಿಲ್ಲ. ಆದರೆ ಆ ಮಾತು ತಿಳಿಯಿತು. ನಾನು ರಬ್ಬರು ಹಾಕಿ ಅಳಿಸಿದ್ದು ಮಾವನವರು ತೀರಿಕೊಂಡ ಮೊದಲ ಎರಡು ತಿಂಗಳು.

ತನ್ನ ತಪ್ಪು ಗೊತ್ತಾದ ಮನುಷ್ಯ ಸುಮ್ಮನಿರಬೇಕು. ನಾನು ಕೆಳಗೆ ಓಡಿ ನಿಂಬೆಹಣ್ಣು ಹೆಚ್ಚಿದೆ. ನಿಂಬೆರಸಕ್ಕೆ ಶಾಯಿ ಹೋಗುತ್ತದೆ ಎಂದು ಎಲ್ಲೋ ಕೇಳಿದ್ದೆ. ಒಂದು ಹಾಳೆಗೆ ಹಚ್ಚಿ ಉಜ್ಜಿದೆ. ಶಾಯಿ ಹೋಗಲಿಲ್ಲ. ಹಾಳೆ ಹೋಯಿತು. ಸುಶೀಲಾ ನನ್ನ ಕೈಯಿಂದ ನಿಂಬೆಹಣ್ಣು ಕಿತ್ತುಕೊಂಡು, "ಅಲ್ಲಿ ಗ್ವಾಡಿ ಕಡೆ ಮಾರಿ ಮಾಡಿ ಕುಂದರ್ರಿ" ಎಂದಳು. ಕೂತೆ.

ಆಮೇಲೆ ಅವಳು ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಳು. ಸೀರೆಯ ಮೇಲೆ ಕಸೂತಿಯ ಎಳೆ ಎಣಿಸುವ ಕಣ್ಣು ಅವಳದು.

"ಮೇಡಮ್ಮಾರ, ಇಲ್ಲಿ ನೋಡ್ರಿ. ಪೆನ್ಸಿಲ್ ಹೋಗೇತಿ, ಒತ್ತಿದ್ದು ಹೋಗಿಲ್ಲ. ಇವ ಸಣ್ಣಂವ ಇದ್ದಾಗಿಂದ ಹಿಂಗ, ಒತ್ತಿ ಒತ್ತಿ ಬರೀತಾನ. ಪಾಟಿ ಎಷ್ಟ ಒಡದಾನೋ!"

ಮೂಲೆಯಲ್ಲಿ ತಾರೀಖಿನ ಗೀರು ಇತ್ತು! ಮೇಡಮ್ಮರು ಭೂತಗನ್ನಡಿ ತೆಗೆದರು. ಮಲ್ಲು ಕೆಳಗಿಳಿದು ಬಂದ. ಮೂವರೂ ಕಿಟಕಿಯ ಹತ್ತಿರ ಕೂತು ಒಂದೊಂದೇ ತಾರೀಖನ್ನು ಓದಿ ಬರೆದುಕೊಂಡರು. ನಾನು ಗೋಡೆಯ ಕಡೆ ಮುಖ ಮಾಡಿಯೇ, ಅವರು ಓದಿದ ತಾರೀಖಿಗೆ ಯಾವ ವಾರ ಎಂದು ಬಾಯಿಲೆಕ್ಕದಲ್ಲಿ ಹೇಳುತ್ತಿದ್ದೆ. ಯಾರೂ ಕೇಳಿರಲಿಲ್ಲ. ಐವತ್ತೊಂಬತ್ತು ಸಿಕ್ಕವು. ನಿಂಬೆರಸದ್ದು ಸಿಗಲಿಲ್ಲ. ಸುಶೀಲಾ ಒಳಗೆ ಹೋಗಿ ಸೀರೆಗಳ ಕೆಳಗಿನ 'ಡ' ಗಂಟನ್ನು ತಂದಿಟ್ಟಾಗ ಮೇಡಮ್ಮರು ಎದ್ದು ಅವಳ ಕೈ ಹಿಡಿದುಕೊಂಡರು.

ಹೊರಡುವ ಮುಂಚೆ ಅವರು ನನಗೆ, "ನಡದದ್ದೆಲ್ಲಾ ಬರದು ಕೊಡ್ರಿ. ಅದೂ ಇವುಗಳ ಜೊತಿ ಇರಬೇಕಾಗ್ತದ" ಎಂದರು. ಬರೆಯಲು ಹಾಳೆ ಹುಡುಕಿ ನಾನು ಏಳುತ್ತಿದ್ದಂತೆ ಮೂವರೂ ಒಟ್ಟಿಗೆ "ಕುಂದರ್ರಿ!" ಎಂದರು. ಮೇಡಮ್ಮರು ತಮ್ಮ ಚೀಲದಿಂದಲೇ ಹಾಳೆ ಕೊಟ್ಟರು. ಎಣಿಸಿ ಕೊಟ್ಟರು.

ಮಲ್ಲು ಹೋಗುವಾಗ ಕಾಲಿಗೆ ನಮಸ್ಕಾರ ಮಾಡಿದ. "ಬಿಡ್ರಿ ಮಾಮಾ, ಉಳದದ್ದು ಭಾಳ ಐತಿ" ಎಂದ. ಆದರೂ ಒಂದು ವರ್ಷ ಅವನ ಕಾರ್ಡುಗಳೆಲ್ಲ ಅಕ್ಕನ ಹೆಸರಿಗೇ ಬಂದವು.

ಎರಡು ವರ್ಷದ ನಂತರ ಮುಂಬಯಿಯಲ್ಲಿ ಆ ಕಾಗದಗಳ ಪ್ರದರ್ಶನವಾಯಿತು. ನಾವಿಬ್ಬರೂ ಹೋದೆವು. ದೊಡ್ಡ ಕೋಣೆ, ಮಂದ ದೀಪ, ಗಾಜಿನ ಪೆಟ್ಟಿಗೆಗಳಲ್ಲಿ ಖಾಲಿ ಹಾಳೆಗಳ ಸಾಲು. ಸುಶೀಲಾ ಒಂದೊಂದರ ಮುಂದೆಯೂ ನಿಂತು ತಾರೀಖು ಓದಿದಳು. ಕೊನೆಯ ಪೆಟ್ಟಿಗೆಯಲ್ಲಿ ನನ್ನ ಮುತ್ತಿನಂಥ ಅಕ್ಷರದ ಹಾಳೆಗಳಿದ್ದವು. ಹಿಗ್ಗಿನಿಂದ ಬಾಗಿ, ಬಾಜುವಿನ ಚೀಟಿ ಓದಿದೆ. ಕನ್ನಡದಲ್ಲೂ ಬರೆಸಿದ್ದರು.

"ಹಾನಿಯ ಕಾರಣಗಳು: ಮಳೆ, ಗಾಳಿ, ಅಕ್ಕನ ಗಂಡ."

ಅಲ್ಲಿ ಮೇಲ್ವಿಚಾರಣೆಗೆ ನಿಂತಿದ್ದ ಹುಡುಗಿ ನಗುತ್ತ ಬಂದು, ನೀವು ಕಲಾವಿದರಿಗೆ ಏನಾಗಬೇಕು ಎಂದು ಕೇಳಿದಳು. ಸುಶೀಲಾ ಸೆರಗು ಸರಿಮಾಡಿಕೊಂಡು, "ನಾ ಅವನ ಅಕ್ಕ" ಎಂದಳು. ಹುಡುಗಿ ನನ್ನ ಕಡೆ ತಿರುಗಿದಳು.

"ನಾ ಇವರ ಚೀಲಾ ಹಿಡಕೊಳ್ಳಾಕ ಬಂದೀನ್ರಿ" ಎಂದೆ.